ಬೇಲಿಯಾಚೆಯ ‘ಛೀ’

ಬೇಲಿಯಾಚೆಯ ಆಯಿಯಿಂದ ನಾನು ಕಲಿತ ಮೊದಲ ಚೀನೀ ಮಾತು ‘ಛೀ’. ನಮ್ಮ ಕಿವಿಗೆ ಅದು ಹೇಸಿಗೆಯ ಉದ್ಗಾರ. ಅವರ ಬಾಯಲ್ಲಿ ಅದು ಉಸಿರು, ಆವಿ, ಕಸುವು, ಜೀವ ಎಲ್ಲವೂ ಆಗುವ ಮಾತು. ಆಗತಾನೇ ಕಿತ್ತ ಒಂದು ಹಿಡಿ ಸೊಪ್ಪನ್ನು ಬೇಲಿಯ ಮೇಲಿಂದ ನನ್ನ ಕೈಗಿಟ್ಟರು. ಎಲೆ ಮುಟ್ಟಿ ‘ಛೀ’ ಅಂದರು. ಆಮೇಲೆ ತಮ್ಮ ಹೊಟ್ಟೆಯ ಮೇಲೆ ಕೈಯಿಟ್ಟು ಮತ್ತೊಮ್ಮೆ ‘ಛೀ’ ಅಂದರು. ಎಲೆಯಲ್ಲಿರುವುದೂ ಹೊಟ್ಟೆಯಲ್ಲಿರುವುದೂ ಒಂದೇ ಅಂತ ಅದರ ಅರ್ಥ. ಆ ಸನ್ನೆಯನ್ನು ಪೂರ್ತಿ ತಿಳಿದುಕೊಳ್ಳುವುದಕ್ಕೆ ನನಗೆ ಒಂದು ಬೇಸಿಗೆ ಇಡೀ ಬೇಕಾಯಿತು.

ಮಗ ಸೊಸೆ ಇರುವುದು ಕ್ಯಾಲಿಫೋರ್ನಿಯಾದ ಫ್ರಿಮಾಂಟ್‌ನಲ್ಲಿ. ಮೇ ತಿಂಗಳಲ್ಲಿ ಹೋದವಳು ಅಕ್ಟೋಬರಿನವರೆಗೆ ಇದ್ದೆ. ಧಾರವಾಡದಲ್ಲಿ ಬೆಳಗಾದರೆ ಕಂಪೌಂಡ್ ಗೋಡೆಗೆ ಮೊಣಕೈ ಊರಿ, “ಏನ್ರೀ ವೈನಿ, ಇವತ್ತೇನು ಪಲ್ಯಾ?” ಅಂತ ಕೇಳದಿದ್ದರೆ ನನಗೆ ದಿನ ಶುರುವಾಗುವುದಿಲ್ಲ. ಅಲ್ಲಿ ಎಲ್ಲರೂ ಕೆಲಸಕ್ಕೆ ಹೋದ ಮೇಲೆ ಬೀದಿಯೇ ನಿದ್ದೆ ಹೋಗುತ್ತದೆ. ಹಿತ್ತಲಿಗೆ ಬಂದು ನಿಂತರೆ ಹಲಗೆಯ ಬೇಲಿ. ಅದರಾಚೆ ಬಿದಿರ ಕೋಲಿನ ಚಪ್ಪರ. ಚಪ್ಪರದ ಕೆಳಗೆ ಹುಲ್ಲಿನ ಟೋಪಿ ಹಾಕಿಕೊಂಡು ಮಣ್ಣು ಕೆದರುತ್ತಿದ್ದ, ಎಪ್ಪತ್ತೈದು ದಾಟಿದ ಹೆಂಗಸು. ಚೀನಾದ ನಡುಭಾಗದ ಹೆನಾನ್ ಪ್ರಾಂತ್ಯದವರು. ಅವರಿಗೆ ಇಂಗ್ಲಿಷ್ ಬಾರದು, ನನಗೆ ಚೀನೀ ಬಾರದು. ಹೈಸ್ಕೂಲು ಓದುವ ಅವರ ಮೊಮ್ಮಗಳು ಸಂಜೆ ಬಂದು ನಮ್ಮಿಬ್ಬರ ನಡುವೆ ನಿಲ್ಲುತ್ತಿದ್ದಳು. ಅವಳೇ ಹೇಳಿಕೊಟ್ಟಳು: ವಯಸ್ಸಾದ ಹೆಂಗಸರನ್ನು ಚೀನೀ ಭಾಷೆಯಲ್ಲಿ ‘ಆಯಿ’ ಅಂತ ಕರೆಯುತ್ತಾರೆ, ಚಿಕ್ಕಮ್ಮ ಅನ್ನುವ ಅರ್ಥದಲ್ಲಿ. ನಮ್ಮ ಧಾರವಾಡದ ಕಡೆ ಅಜ್ಜಿಗೆ ಆಯಿ ಅನ್ನುತ್ತೇವಲ್ಲ! ಅವತ್ತಿನಿಂದ ಅವರು ನನಗೆ ಆಯಿ, ನಾನು ಅವರಿಗೆ ಆಯಿ. ಭೇಟಿಯಾದಾಗ ಅವರು ಕೇಳುವ ಮೊದಲ ಪ್ರಶ್ನೆ ‘ನೀ ಛಿ ಲೆ ಮಾ’, ಅಂದರೆ ‘ಊಟ ಆಯ್ತಾ?’ ಊಟ ಆಯ್ತಾ ಅಂತ ಕೇಳುವ ಜನ ಭೂಮಿಯ ಯಾವ ಮೂಲೆಯಲ್ಲಿದ್ದರೂ ನಮ್ಮವರೇ.

ಅವರ ಹಿತ್ತಲು ನೋಡಿದರೆ ಪರದೇಶ ಅನ್ನಿಸಲೇ ಇಲ್ಲ. ಚಪ್ಪರದ ಮೇಲೆ ತುಪ್ಪದ ಹೀರೆ, ಒಂದು ಮೂಲೆಗೆ ಹಾಗಲ, ನೆಲದ ಮೇಲೆ ಬೂದುಗುಂಬಳ, ಬೇಲಿಯ ಬುಡಕ್ಕೆ ಬಸಳೆ, ಪಾತಿಯಲ್ಲಿ ಕೆಂಪು ರಾಜಗಿರಿ, ಕೊತ್ತಂಬರಿ, ಮೂಲಂಗಿ. ನಮ್ಮಲ್ಲಿಲ್ಲದ್ದು ಅಂದರೆ ಬೆಳ್ಳುಳ್ಳಿ ವಾಸನೆಯ ಹುಲ್ಲಿನಂಥ ಒಂದು ಸೊಪ್ಪು, ಕೆಂಪು ಹರಳಿನಂಥ ಹಣ್ಣು ಬಿಡುವ ಗೋಜಿ ಗಿಡ, ಮತ್ತೆ ಬಳ್ಳಿಯ ಬುಡದಲ್ಲಿ ಮೊಳಕೈಯುದ್ದ ಇಳಿಯುವ ಒಂದು ಗೆಣಸು. ಈ ಗೆಣಸಿನ ಹೆಸರು ‘ಶಾನ್ ಯಾವ್’, ಬೆಟ್ಟದ ಮದ್ದು ಅಂತ ಅರ್ಥ. ಆಯಿಯ ಊರು ಜ್ಯಾವ್‌ಜ್ವೊ ಸೀಮೆಯದು. ಅಲ್ಲಿಯ ಮಣ್ಣಿನ ನಾಲ್ಕು ಬೆಳೆಗಳು ಚೀನೀ ವೈದ್ಯದಲ್ಲಿ ಹೆಸರಾದವು, ಈ ಗೆಣಸು ಮತ್ತು ಸೇವಂತಿಗೆ ಅದರಲ್ಲಿ ಎರಡು. ಅದೇ ಗೆಣಸನ್ನು ಬೇರೆ ಕಡೆ ಬೆಳೆದರೆ ಆ ಗುಣ ಬಾರದು ಅನ್ನುವುದು ಅಲ್ಲಿನ ಔಷಧದ ಅಂಗಡಿಯವರ ಹಳೆಯ ನಂಬಿಕೆ. ಮೂಲಿಕೆಗೂ ಹುಟ್ಟೂರು ಇರುತ್ತದೆ ಅಂತ ಅವರ ಲೆಕ್ಕ. ಮೈಸೂರು ವೀಳ್ಯದೆಲೆ, ಬ್ಯಾಡಗಿ ಮೆಣಸಿನಕಾಯಿ ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ಸಂಜೆ ‘ಛೀ’ ಅಂದರೆ ಏನು ಅಂತ ಹುಡುಗಿಯ ಮೂಲಕ ಕೇಳಿಸಿದೆ. ಆಯಿ ನೀರು ಹಾಯಿಸಿದ ಪಾತಿಯ ಪಕ್ಕ ಕುಳಿತು ಕಡ್ಡಿಯಿಂದ ಹಸಿ ಮಣ್ಣಿನ ಮೇಲೆ ಒಂದು ಅಕ್ಷರ ಬರೆದರು. ಮೇಲೆ ಬಾಗಿ ಹೋಗುವ ಮೂರು ಗೆರೆ, ಅದು ಏಳುತ್ತಿರುವ ಆವಿ. ಕೆಳಗೆ ನಾಲ್ಕು ದಿಕ್ಕಿಗೆ ಚದುರಿದ ಕಾಳಿನ ಗುರುತು, ಅದು ಅಕ್ಕಿ. ಅಕ್ಕಿಯ ಮೇಲಿನ ಆವಿ, ಅದೇ ‘ಛೀ’. ಸುಮಾರು ಕ್ರಿ.ಶ. 100ರಲ್ಲಿ ಶು ಶೆನ್ ಎಂಬ ವಿದ್ವಾಂಸ ಚೀನೀ ಅಕ್ಷರಗಳ ನಿಘಂಟು ಮಾಡಿದಾಗ, ಈ ಅಕ್ಷರಕ್ಕೆ ಅತಿಥಿಗಳಿಗೆ ಕೊಡುವ ಧಾನ್ಯ ಎಂಬ ಅರ್ಥ ಬರೆದಿಟ್ಟ. ಬಂದವರಿಗೆ ಕಾಳು ಕೊಡುವುದು ಅನ್ನುವ ಅರ್ಥವೂ ಆ ಅಕ್ಷರದ ಹೊಟ್ಟೆಯಲ್ಲಿದೆ. 1950ರ ದಶಕದಲ್ಲಿ ಚೀನಾ ಸರ್ಕಾರ ಬರವಣಿಗೆ ಹಗುರವಾಗಲಿ ಅಂತ ಅಕ್ಷರಗಳನ್ನು ಸರಳ ಮಾಡಿತು. ಆಗ ಈ ಅಕ್ಷರದೊಳಗಿನ ಅಕ್ಕಿ ಹೋಯಿತು, ಬರಿಯ ಆವಿ ಉಳಿಯಿತು. ಮೊಮ್ಮಗಳು ಶನಿವಾರದ ಭಾಷಾ ಶಾಲೆಯಲ್ಲಿ ಕಲಿತದ್ದು ಅಕ್ಕಿಯಿಲ್ಲದ ಅಕ್ಷರ. ಆಯಿ ಮಣ್ಣಿನ ಮೇಲೆ ಬರೆದದ್ದು ಅಕ್ಕಿಯಿದ್ದ ಅಕ್ಷರ.

ನಾನು ಮನಸ್ಸಿನಲ್ಲೇ ಅದಕ್ಕೊಂದು ಕನ್ನಡ ಮಾತು ಹುಡುಕಿದೆ. ಪ್ರಾಣ ಅಂದರೆ ತೀರ ದೊಡ್ಡದಾಯಿತು, ಶಕ್ತಿ ಅಂದರೆ ತೀರ ಒಣಗಿತು. ಕಸುವು ಅನ್ನುವುದೇ ಹತ್ತಿರ. ಜ್ವರ ಬಿಟ್ಟವರಿಗೆ “ನಾಲ್ಕು ದಿನ ಉಂಡರೆ ಕಸುವು ಬರ್ತದ” ಅನ್ನುತ್ತೇವೆ. ಮಣ್ಣಿಗೂ ಕಸುವು ಅನ್ನುತ್ತೇವೆ, ತೋಳಿಗೂ ಕಸುವು ಅನ್ನುತ್ತೇವೆ, ಊಟಕ್ಕೂ ಕಸುವು ಅನ್ನುತ್ತೇವೆ. ಅದು ಹಾಗೆ ಮಣ್ಣಿನಿಂದ ತಟ್ಟೆಗೆ, ತಟ್ಟೆಯಿಂದ ತೋಳಿಗೆ ದಾಟಿ ಬರುತ್ತದೆ ಅನ್ನುವುದು ನಮ್ಮ ಭಾಷೆಗೂ ಗೊತ್ತು.

ಚೀನಾದ ಹಳೆಯ ವೈದ್ಯರು ಇದನ್ನು ಬಹಳ ವಿವರವಾಗಿ ಯೋಚಿಸಿದ್ದಾರೆ. ಅವರ ಮೂಲಗ್ರಂಥ ಹಳದಿ ಸಮ್ರಾಟನ ಹೆಸರಿನಲ್ಲಿರುವ ‘ಹ್ವಾಂಗ್‌ದಿ ನೇಯ್‌ಜಿಂಗ್’, ಎರಡು ಸಾವಿರ ವರ್ಷಗಳಷ್ಟು ಹಳೆಯದು. ಅದರ ದಾರಿಯಲ್ಲಿ ಬಂದವರು ಹೇಳುವುದು ಇಷ್ಟು. ಹುಟ್ಟುವಾಗ ತಂದೆತಾಯಿಯಿಂದ ಬಂದ ಕಸುವು ಒಂದು. ಅದು ಮೂತ್ರಪಿಂಡದಲ್ಲಿ ಇಟ್ಟ ಮೂಲಧನ, ಖರ್ಚಾಗುತ್ತದೆಯೇ ಹೊರತು ಹೆಚ್ಚುವುದಿಲ್ಲ. ಹುಟ್ಟಿದ ಮೇಲೆ ನಾವೇ ಗಳಿಸಬೇಕಾದದ್ದು ಇನ್ನೊಂದು, ಅದಕ್ಕೆ ಹೆಸರು ‘ಗು ಛೀ’, ಕಾಳಿನ ಕಸುವು. ಜಠರ ಒಂದು ಪಾತ್ರೆ, ಗುಲ್ಮ ಅದರ ಕೆಳಗಿನ ಕೆಲಸಗಾರ. ಉಂಡದ್ದು ಅಲ್ಲಿ ಬೆಂದು, ಅದರ ಸತ್ವ ಆವಿಯ ಹಾಗೆ ಮೇಲೇರಿ, ಶ್ವಾಸಕೋಶಕ್ಕೆ ಬಂದ ಗಾಳಿಯ ಜೊತೆ ಕೂಡಿ ಮೈತುಂಬ ಹರಡುತ್ತದೆ. ಗುಲ್ಮ ಅಂದಾಗ ಇವತ್ತಿನ ಡಾಕ್ಟರು ಹೇಳುವ ಅಂಗವಲ್ಲ. ಜೀರ್ಣ ಮಾಡುವ ಇಡೀ ಕೆಲಸಕ್ಕೆ ಅವರಿಟ್ಟ ಹೆಸರು. ಹೀಗೆ ಹುಟ್ಟಿದ ಕಸುವು ಎರಡು ಪಾಲಾಗುತ್ತದೆ. ಒಂದು ನಾಳಗಳ ಒಳಗೆ ಹರಿದು ಮೈಯನ್ನು ಪೋಷಿಸುತ್ತದೆ. ಇನ್ನೊಂದು ನಾಳಗಳ ಹೊರಗೆ, ಚರ್ಮದ ಅಡಿಯಲ್ಲಿ ಓಡಾಡುತ್ತ, ಬೆವರಿನ ರಂಧ್ರಗಳನ್ನು ತೆರೆದು ಮುಚ್ಚುತ್ತ, ಹೊರಗಿನ ಗಾಳಿ ಚಳಿಯಿಂದ ಕಾಯುತ್ತದೆ. ಇದಕ್ಕೆ ‘ವೇ ಛೀ’ ಅನ್ನುತ್ತಾರೆ, ಕಾವಲಿನ ಕಸುವು. ಹಗಲು ಮೈಯ ಹೊರಗೆ, ರಾತ್ರಿ ಮೈಯ ಒಳಗೆ ಅದರ ಗಸ್ತು. ಆಯಿ ಇದನ್ನು ತಮ್ಮ ಬೇಲಿ ತಟ್ಟಿ ವಿವರಿಸಿದರು. “ಹಿತ್ತಲು ಚೆನ್ನಾಗಿ ಬೆಳೆದರೆ ಬೇಲಿಗೆ ಬಳ್ಳಿ ಹಬ್ಬಿ ಬೇಲಿ ಗಟ್ಟಿಯಾಗುತ್ತದೆ. ಒಳಗೆ ಏನೂ ಬೆಳೆಯದಿದ್ದರೆ ಬೇಲಿಯೂ ಒಣಗುತ್ತದೆ” ಅಂತ ಮೊಮ್ಮಗಳು ಅನುವಾದಿಸಿದಳು. ಹೊಟ್ಟೆ ಸರಿಯಿಲ್ಲದವರಿಗೆ ನೆಗಡಿ ಬೇಗ ಹತ್ತುತ್ತದೆ ಅನ್ನುವುದಕ್ಕೆ ಇದಕ್ಕಿಂತ ಚೆಂದದ ಮಾತು ನಾನು ಕೇಳಿಲ್ಲ.

ಇದು ಬರಿಯ ಕಲ್ಪನೆಯಾಗಿ ಉಳಿಯದೆ ಮನುಷ್ಯರ ಕಷ್ಟದಲ್ಲಿ ಪರೀಕ್ಷೆಗೆ ಬಂದದ್ದು ಆಯಿಯ ಹೆನಾನ್‌ನಲ್ಲೇ. 1232ರಲ್ಲಿ ಮಂಗೋಲರ ಸೈನ್ಯ ಕೈಫೆಂಗ್ ನಗರವನ್ನು ಮುತ್ತಿತು. ಆಗ ಅದು ಜಿನ್ ಅರಸರ ರಾಜಧಾನಿ. ಒಳಗೆ ಸಿಕ್ಕಿಕೊಂಡವರಲ್ಲಿ ಲೀ ಗಾವ್ ಎಂಬ ವೈದ್ಯನಿದ್ದ, ಲೀ ದೊಂಗ್ಯುವಾನ್ ಅಂತಲೂ ಅವನಿಗೆ ಹೆಸರು. ಮುತ್ತಿಗೆ ಸಡಿಲಿದ ಮೇಲೆ ಜನ ಬದುಕಬೇಕಿತ್ತು. ಬದಲಿಗೆ ಸಾಯತೊಡಗಿದರು. ನಗರದ ಹನ್ನೆರಡು ಬಾಗಿಲುಗಳಿಂದ ಸುಮಾರು ಮೂರು ತಿಂಗಳು ದಿನವೂ ಹೆಣಗಳು ಹೋದವು ಅಂತ ಅವನು ಬರೆದಿಟ್ಟಿದ್ದಾನೆ. ಉಳಿದ ವೈದ್ಯರು ಅದನ್ನು ಹೊರಗಿನಿಂದ ಬಂದ ಚಳಿಜ್ವರ ಅಂತ ಬಗೆದು ಬೆವರಿಸುವ, ಭೇದಿ ಮಾಡಿಸುವ ಮದ್ದು ಕೊಟ್ಟರು. ರೋಗಿಗಳು ಇನ್ನೂ ಬೇಗ ಸತ್ತರು. ಲೀ ಗಾವ್ ಕೇಳಿದ ಪ್ರಶ್ನೆ ಸರಳವಾದದ್ದು. ಊರಿಗೆ ಊರೇ ಒಂದೇ ಸಲ ಚಳಿಗೆ ಸಿಕ್ಕಿತೇ? ತಿಂಗಳುಗಟ್ಟಲೆ ಅರೆಹೊಟ್ಟೆ, ನಿದ್ದೆಯಿಲ್ಲದ ದಣಿವು, ಎದೆಯೊಳಗಿನ ಭಯ, ಇವು ಹೊಟ್ಟೆಯ ಬೆಂಕಿಯನ್ನೇ ಕೆಡಿಸಿದವು. ಒಳಗೆ ಕಸುವಿಲ್ಲದ ಮೈಗೆ ಯಾವ ರೋಗವಾದರೂ ಸಾಕಾಯಿತು ಅನ್ನುವುದು ಅವನ ಉತ್ತರ. 1249ರಲ್ಲಿ ಅವನು ಜಠರ ಮತ್ತು ಗುಲ್ಮದ ಬಗ್ಗೆಯೇ ‘ಪೀ ವೇ ಲುನ್’ ಎಂಬ ಗ್ರಂಥ ಬರೆದ. ಹೊಟ್ಟೆಯನ್ನು ಮೇಲೆತ್ತಿ ಕಸುವು ತುಂಬುವುದಕ್ಕೆ ಅವನು ಮಾಡಿದ ಕಷಾಯದಲ್ಲಿ ಜ್ಯೇಷ್ಠಮಧು ಇದೆ, ಕಿತ್ತಳೆ ಜಾತಿಯ ಹಣ್ಣಿನ ಒಣಸಿಪ್ಪೆ ಇದೆ. ಚೀನಾ, ಜಪಾನ್‌ಗಳಲ್ಲಿ ಅದನ್ನು ಇವತ್ತಿಗೂ ಕೊಡುತ್ತಾರೆ. ಹಸಿವೆಯೇ ರೋಗ, ಊಟವೇ ಕಾವಲು ಅಂತ ಯುದ್ಧದ ನಡುವೆ ನಿಂತು ಹೇಳಿದ ಆ ಮನುಷ್ಯನ ಬಗ್ಗೆ ನನಗೆ ಅಪಾರ ಗೌರವ.

ಊಟವನ್ನು ವೈದ್ಯದ ಮೊದಲ ಮೆಟ್ಟಿಲಲ್ಲಿ ಇಟ್ಟವರು ಅವನಿಗಿಂತ ಹಿಂದೆಯೂ ಇದ್ದರು. ‘ಜೌ ಲೀ’ ಎಂಬ ಹಳೆಯ ಆಡಳಿತ ಗ್ರಂಥ ಅರಮನೆಯ ವೈದ್ಯರನ್ನು ನಾಲ್ಕು ಬಗೆಯಾಗಿ ವಿಂಗಡಿಸುತ್ತದೆ. ರೋಗದ ವೈದ್ಯ, ಗಾಯದ ವೈದ್ಯ, ದನಕರುಗಳ ವೈದ್ಯ, ಇವರೆಲ್ಲರಿಗಿಂತ ಮೊದಲು ಹೆಸರಿಸಿದ್ದು ಊಟದ ವೈದ್ಯನನ್ನು. ಏಳನೆಯ ಶತಮಾನದ ಸುನ್ ಸಿಮ್ಯಾವ್ ತನ್ನ ದೊಡ್ಡ ಗ್ರಂಥದಲ್ಲಿ ಆಹಾರದ ಚಿಕಿತ್ಸೆಗೇ ಒಂದು ಭಾಗ ಮೀಸಲಿಟ್ಟ. ವೈದ್ಯನಾದವನು ಮೊದಲು ಊಟದಿಂದ ಗುಣ ಮಾಡಲು ನೋಡಬೇಕು, ಅದಕ್ಕೆ ಬಗ್ಗದಿದ್ದರೆ ಮಾತ್ರ ಮದ್ದು ಅನ್ನುವುದು ಅವನ ನಿಲುವು. ಇರುಳುಗುರುಡಿಗೆ ಅವನು ಪ್ರಾಣಿಗಳ ಪಿತ್ತಜನಕಾಂಗ ತಿನ್ನಿಸುತ್ತಿದ್ದ. ಅದರಲ್ಲಿ ಎ ಜೀವಸತ್ವ ತುಂಬಿದೆ ಅಂತ ಲೋಕಕ್ಕೆ ತಿಳಿದದ್ದು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಕಳೆದ ಮೇಲೆ. ಅವನಿಗೂ ಮೊದಲು, ನಾಲ್ಕನೆಯ ಶತಮಾನದ ಗೆ ಹೊಂಗ್ ಗಳಗಂಡಕ್ಕೆ ಸಮುದ್ರದ ಪಾಚಿಯನ್ನು ಹೇಳಿದ್ದ, ಅದರಲ್ಲಿರುವುದು ಅಯೋಡಿನ್. ಕಸುವು, ತಂಪು, ಉಷ್ಣ ಅಂತ ಅವರು ಬಳಸಿದ ಮಾತುಗಳು ಬೇರೆ ಇರಬಹುದು. ರೋಗಿಯ ತಟ್ಟೆಯನ್ನು ಅವರು ಕಣ್ಣಿಟ್ಟು ನೋಡಿದ್ದರು ಅನ್ನುವುದಂತೂ ಖರೆ.

ತಂಪು, ಉಷ್ಣ ಅಂದೆನಲ್ಲ, ಆ ವಿಷಯ ಬಂದರೆ ನಾನು ಮತ್ತು ಆಯಿ ಅನುವಾದಕಿಯನ್ನು ಬಿಟ್ಟೇ ಮಾತಾಡುತ್ತಿದ್ದೆವು. ಹೆಸರುಕಾಳು ತೋರಿಸಿ ನಾನು ಬೀಸಣಿಗೆ ಬೀಸಿದ ಹಾಗೆ ಮಾಡಿದರೆ ಅವರು ತಲೆದೂಗುವರು. ಶುಂಠಿ ತೋರಿಸಿ ಅವರು ಬೆಂಕಿಗೆ ಕೈ ಕಾಯಿಸಿದ ಹಾಗೆ ಮಾಡಿದರೆ ನಾನು ತಲೆದೂಗುವೆ. ಬೂದುಗುಂಬಳ ಇಬ್ಬರಿಗೂ ತಂಪು. ಅವರ ಶಾಸ್ತ್ರದಲ್ಲಿ ಪ್ರತಿ ಆಹಾರಕ್ಕೂ ಶೀತ, ತಂಪು, ಬೆಚ್ಚಗೆ, ಉಷ್ಣ ಎಂಬ ನಾಲ್ಕರಲ್ಲಿ ಒಂದು ಸ್ವಭಾವ. ಯಾವ ಕಡೆಗೂ ವಾಲದ್ದು ಸಮ. ಅಕ್ಕಿ ಸಮ, ಆಯಿಯ ಗೆಣಸೂ ಸಮ. ರುಚಿ ಐದು: ಹುಳಿ, ಕಹಿ, ಸಿಹಿ, ಖಾರ, ಉಪ್ಪು. ಆಯುರ್ವೇದದ ಆರರಲ್ಲಿ ಒಗರು ಅವರ ಎಣಿಕೆಗೆ ಬರುವುದಿಲ್ಲ. ಒಂದೊಂದು ರುಚಿಯೂ ಒಂದೊಂದು ಅಂಗಕ್ಕೆ ಹೋಗಿ ಸೇರುತ್ತದೆ: ಹುಳಿ ಪಿತ್ತಜನಕಾಂಗಕ್ಕೆ, ಕಹಿ ಹೃದಯಕ್ಕೆ, ಸಿಹಿ ಗುಲ್ಮಕ್ಕೆ, ಖಾರ ಶ್ವಾಸಕೋಶಕ್ಕೆ, ಉಪ್ಪು ಮೂತ್ರಪಿಂಡಕ್ಕೆ. ಚಳಿಗಾಲದಲ್ಲಿ ಮೂಲಂಗಿ, ಬೇಸಿಗೆಯಲ್ಲಿ ಶುಂಠಿ ತಿಂದರೆ ವೈದ್ಯನ ಚೀಟಿ ಬೇಡ ಅಂತ ಅವರಲ್ಲೊಂದು ಗಾದೆ ಇದೆ. ನನಗೆ ಅದು ತಿರುಗುಮುರುಗಾಗಿ ಕೇಳಿಸಿತು. ಬೇಸಿಗೆಯಲ್ಲಿ ಶುಂಠಿಯೇ? ಆಯಿಯ ವಿವರಣೆ ಹೀಗಿತ್ತು: ಬೇಸಿಗೆಯಲ್ಲಿ ಮೈಯ ಕಾವೆಲ್ಲ ಚರ್ಮಕ್ಕೆ ಬಂದು ಹೊಟ್ಟೆ ತಣ್ಣಗಾಗುತ್ತದೆ, ಮೇಲಿಂದ ತಣ್ಣನೆಯ ಪಾನೀಯ ಬೇರೆ ಸುರಿಯುತ್ತೇವೆ, ಆಗ ಹೊಟ್ಟೆಗೆ ಶುಂಠಿ ಬೇಕು. ಚಳಿಗಾಲದಲ್ಲಿ ಕಾವೆಲ್ಲ ಒಳಗೆ ಸೇರಿಕೊಳ್ಳುತ್ತದೆ, ಮೇಲಿಂದ ಮಾಂಸ, ಕರಿದದ್ದು ತಿನ್ನುತ್ತೇವೆ, ಆಗ ಮೂಲಂಗಿ ಬೇಕು.

ಹಿತ್ತಲಿನ ಮಹತ್ವ ನನಗೆ ಹೊಳೆದದ್ದು ಇಲ್ಲೇ. ಚೀನೀಯರು ವರ್ಷವನ್ನು ಸೂರ್ಯನ ನಡಿಗೆಯಂತೆ 24 ಭಾಗ ಮಾಡುತ್ತಾರೆ, ಒಂದೊಂದೂ ಸುಮಾರು ಹದಿನೈದು ದಿನ. 2016ರಲ್ಲಿ ಯುನೆಸ್ಕೊ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ರೈತರು ರೋಹಿಣಿ, ಮೃಗಶಿರ, ಆರಿದ್ರ ಅಂತ ಮಳೆ ಎಣಿಸುವ ಹಾಗೆಯೇ ಅದು ಹೊಲದ ಪಂಚಾಂಗ. ಅದೇ ಅಡುಗೆಯ ಪಂಚಾಂಗವೂ ಹೌದು. ಕಾಲವಲ್ಲದ ಕಾಲದ ಆಹಾರವನ್ನು ಕನ್‌ಫ್ಯೂಷಿಯಸ್ ಮುಟ್ಟುತ್ತಿರಲಿಲ್ಲ ಅಂತ ಅವನ ಶಿಷ್ಯರು ದಾಖಲಿಸಿದ್ದಾರೆ. ಅಂಗಡಿಯಲ್ಲಿ ಹನ್ನೆರಡು ತಿಂಗಳೂ ಎಲ್ಲ ಸಿಗುತ್ತದೆ, ಅಂಗಡಿಗೆ ಋತುವಿಲ್ಲ. ಹಿತ್ತಲು ಮಾತ್ರ ಯಾವಾಗ ಏನು ತಿನ್ನಬೇಕು ಅಂತ ತಾನೇ ಹೇಳುತ್ತದೆ. ಉರಿಬಿಸಿಲಿನಲ್ಲಿ ಬೂದುಗುಂಬಳ, ಹಾಗಲ ಕೊಡುತ್ತದೆ. ಗಾಳಿ ಒಣಗುವ ಹೊತ್ತಿಗೆ ಪಿಯರ್ ಹಣ್ಣು ಕೊಡುತ್ತದೆ, ಆಗ ಆಯಿ ಅದನ್ನು ಕಲ್ಲುಸಕ್ಕರೆ ಹಾಕಿ ಬೇಯಿಸಿ ಒಣಕೆಮ್ಮಿಗೆ ಕುಡಿಸುತ್ತಾರೆ. ಗಿಡದಿಂದ ಬಾಯಿಗೆ ಬರುವ ದಾರಿ ಚಿಕ್ಕದಾದಷ್ಟೂ ‘ಛೀ’ ಹೆಚ್ಚು ಅನ್ನುವುದು ಅವರ ನಂಬಿಕೆ. ಇದಕ್ಕೆ ಇವತ್ತಿನ ವಿಜ್ಞಾನವೂ ಅರ್ಧ ಹೂಂ ಅನ್ನುತ್ತದೆ. ಕಿತ್ತ ಸೊಪ್ಪು ದಿನದಿಂದ ದಿನಕ್ಕೆ ಸಿ ಜೀವಸತ್ವ ಕಳೆದುಕೊಳ್ಳುತ್ತದೆ. ಕಿತ್ತ ಹಸಿ ಮೆಕ್ಕೆಜೋಳದ ಸಕ್ಕರೆ ಹೊತ್ತು ಕಳೆದಂತೆ ಹಿಟ್ಟಾಗುತ್ತದೆ. ಅವರು ಕಸುವು ಹೋಯಿತು ಅನ್ನುತ್ತಾರೆ, ಇವರು ಜೀವಸತ್ವ ಹೋಯಿತು ಅನ್ನುತ್ತಾರೆ.

ಇನ್ನು ಗಂಜಿ. ಬೆಳಿಗ್ಗೆ ಆಯಿಯ ಒಲೆಯ ಮೇಲೆ ಇರುವುದು ಗಂಜಿಯೇ. ಒಂದು ಹಿಡಿ ಅಕ್ಕಿಗೆ ತುಂಬ ನೀರು, ಗೆಣಸಿನ ಹೋಳು, ಒಂದೆರಡು ಕೆಂಪು ಬಾರಿಹಣ್ಣು, ಕೊನೆಗೆ ಗೋಜಿ. ಅವರ ಭಾಷೆಯಲ್ಲಿ ಅದಕ್ಕೆ ‘ಜೋ’ ಅಂತ ಹೆಸರು. ಆದರೆ ಫ್ರಿಮಾಂಟ್‌ನ ಚೀನೀ ಹೋಟೆಲುಗಳ ಫಲಕದ ಮೇಲೆ ಇಂಗ್ಲಿಷಿನಲ್ಲಿ ‘ಕಾಂಜೀ’ ಅಂತ ಬರೆದಿರುತ್ತದೆ. ಆ ಮಾತು ನಮ್ಮದು! ತಮಿಳಿನ ಕಂಜಿ, ನಮ್ಮ ಗಂಜಿ ಪೋರ್ಚುಗೀಸರ ಬಾಯಿಗೆ ಹೋಗಿ ಅಲ್ಲಿಂದ ಇಂಗ್ಲಿಷಿಗೆ ಬಂದು, ಚೀನೀಯರ ಬಟ್ಟಲಿಗೆ ಹೆಸರಾಯಿತು. ಇದನ್ನು ಹೇಳಿದಾಗ ಆಯಿ ಬೇಲಿಯ ಮೇಲಿಂದ ನನ್ನ ಕೈ ಹಿಡಿದುಕೊಂಡರು. ಸುಮಾರು ಕ್ರಿ.ಶ. 200ರ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ನೆಗಡಿಜ್ವರಕ್ಕೆ ಹೇಳಿದ ಒಂದು ಕಷಾಯ ಚೀನೀ ವೈದ್ಯದಲ್ಲಿ ಬಹಳ ಪ್ರಸಿದ್ಧ. ಅದರ ಐದು ಸಾಮಾನಿನಲ್ಲಿ ದಾಲ್ಚಿನ್ನಿಯ ಎಳೆ ಕಡ್ಡಿ, ಶುಂಠಿ, ಬಾರಿಹಣ್ಣು, ಜ್ಯೇಷ್ಠಮಧು ಸೇರಿವೆ. ಕಷಾಯ ಕುಡಿದ ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ಬಿಸಿ ತೆಳುಗಂಜಿ ಕುಡಿದು ಹೊದ್ದು ಮಲಗಬೇಕು ಅನ್ನುವುದು ಪಥ್ಯ. ಮದ್ದಿಗೆ ಬಲ ಕೊಡುವುದು ಗಂಜಿ. 1773ರಲ್ಲಿ ತ್ಸಾವ್ ತಿಂಗ್‌ದೊಂಗ್ ಎಂಬ ವೃದ್ಧ ವಿದ್ವಾಂಸ ಮುದುಕರ ಆರೋಗ್ಯಕ್ಕೆಂದೇ ಒಂದು ಪುಸ್ತಕ ಬರೆದು, ಅದರ ಕೊನೆಗೆ ನೂರು ಬಗೆಯ ಗಂಜಿಯ ಪಾಕ ಕೊಟ್ಟ. ತಾನೂ ಎಂಬತ್ತು ದಾಟಿ ಬಾಳಿದ.

ಕಾಳನ್ನು ಬಿಟ್ಟು ಬರಿಯ ಕಸುವನ್ನೇ ಉಣ್ಣಲು ಹೊರಟವರೂ ಚೀನಾದಲ್ಲಿದ್ದರು. ಹೂನಾನ್ ಪ್ರಾಂತ್ಯದ ಮಾವಾಂಗ್‌ದ್ವೇ ಎಂಬಲ್ಲಿ, ಕ್ರಿ.ಪೂ. 168ರಲ್ಲಿ ಮುಚ್ಚಿದ ಒಂದು ಸಮಾಧಿಯಿಂದ ರೇಷ್ಮೆಯ ಮೇಲೆ ಬರೆದ ಹಸ್ತಪ್ರತಿಗಳು ಸಿಕ್ಕಿವೆ. ಧಾನ್ಯ ತ್ಯಜಿಸಿ ‘ಛೀ’ಯನ್ನೇ ಆಹಾರವಾಗಿ ಸೇವಿಸುವ ವಿಧಾನ ಅದರಲ್ಲೊಂದು. ಅದರ ಪಕ್ಕದ ಸಮಾಧಿಯಲ್ಲಿ, 1972ರಲ್ಲಿ, ಅದೇ ಮನೆತನದ ಒಬ್ಬ ಹೆಂಗಸಿನ ದೇಹ ಕೆಡದೆ ಸಿಕ್ಕಿತು. ಆಕೆಯ ಹೊಟ್ಟೆ ಕರುಳಿನಲ್ಲಿ 138 ಕರಬೂಜದ ಬೀಜಗಳಿದ್ದವು. ಗಾಳಿ ಉಣ್ಣುವ ಶಾಸ್ತ್ರ ರೇಷ್ಮೆಯ ಮೇಲೆ ಉಳಿಯಿತು, ಆ ತಾಯಿ ಕೊನೆಗೆ ತಿಂದದ್ದು ಹಣ್ಣನ್ನೇ. ಅನ್ನಮಯದ ಒಳಗೇ ಪ್ರಾಣಮಯ ಅಂತ ಎಣಿಸಿದ ತೈತ್ತಿರೀಯ ಉಪನಿಷತ್ತಿನ ನಾಡಿನವಳಾದ ನನಗೂ ಅನ್ನದ ದಾರಿಯೇ ಸರಿ ಕಾಣುತ್ತದೆ.

ಆಯಿಗೆ ಮಣ್ಣಿನ ಮೇಲೆ ಯಾಕೆ ಇಷ್ಟು ಜೀವ ಅನ್ನುವುದು ಸೆಪ್ಟೆಂಬರಿನ ಒಂದು ಸಂಜೆ ತಿಳಿಯಿತು. 1958ರಲ್ಲಿ ಚೀನಾದ ಹಳ್ಳಿಗಳನ್ನೆಲ್ಲ ಕಮ್ಯೂನುಗಳಾಗಿ ಮಾಡಿದಾಗ ಅವರು ಚಿಕ್ಕ ಹುಡುಗಿ. ಮೊದಲ ಕಮ್ಯೂನು ಎದ್ದದ್ದೂ ಹೆನಾನ್‌ನಲ್ಲೇ. ಮನೆಮನೆಯ ಕಬ್ಬಿಣದ ಬಾಣಲೆಗಳು ಉಕ್ಕಿನ ಕುಲುಮೆಗೆ ಹೋದವು, ಊಟ ಸಾರ್ವಜನಿಕ ಅಡುಗೆಮನೆಗೆ ಹೋಯಿತು, ಮನೆ ಹಿಂದಿನ ತರಕಾರಿ ಪಟ್ಟಿಯೂ ಕಮ್ಯೂನಿನದಾಯಿತು. ಮುಂದಿನ ಮೂರು ವರ್ಷ ಬರಗಾಲ. ಸತ್ತವರು ಕೋಟಿಗಟ್ಟಲೆ ಅಂತ ಇತಿಹಾಸಕಾರರು ಹೇಳುತ್ತಾರೆ. ಆಯಿಯ ಒಬ್ಬ ತಮ್ಮ ಉಳಿಯಲಿಲ್ಲ. 1960ರ ಕೊನೆಗೆ ಸರ್ಕಾರ ಮನೆಗೊಂದು ತುಂಡು ಸ್ವಂತ ನೆಲವನ್ನು ಮತ್ತೆ ಬಿಟ್ಟುಕೊಟ್ಟಿತು. ಅದರ ಹೆಸರು ‘ತನಗೆಂದು ಉಳಿಸಿಕೊಂಡ ನೆಲ’. ಆಯಿಯ ತಾಯಿ ಎರಡು ಚಾಪೆಯಗಲದ ಆ ನೆಲದಲ್ಲಿ ಮೂಲಂಗಿ ಹಾಕಿ, ಮೊದಲ ಗಡ್ಡೆ ಕಿತ್ತ ದಿನ ಎಲೆ, ಬೇರು, ತೊಟ್ಟು ಏನೂ ಬಿಡದೆ ಬೇಯಿಸಿ ಮಕ್ಕಳಿಗೆ ಕೊಟ್ಟು, “ಇದರಲ್ಲಿ ಛೀ ಇದೆ” ಅಂದರಂತೆ. ಅನುವಾದ ಮಾಡುತ್ತಿದ್ದ ಮೊಮ್ಮಗಳು ಅಲ್ಲಿಗೆ ನಿಲ್ಲಿಸಿದಳು. ಈ ಕತೆಯನ್ನು ಅವಳೂ ಕೇಳಿದ್ದು ಅವತ್ತೇ ಮೊದಲು.

ಆ ಭಾಷೆಯಲ್ಲಿ ಮಣ್ಣಿಗೆ ಏನನ್ನುತ್ತಾರೆ ಗೊತ್ತೇ? ‘ಥು’. ನಮ್ಮಲ್ಲಿ ಯಾವುದನ್ನಾದರೂ ತೆಗೆದು ಬಿಸಾಡುವಾಗ ಛೀ ಥೂ ಅನ್ನುತ್ತೇವೆ. ಅವರಿಗೆ ಒಂದು ಕಸುವು, ಇನ್ನೊಂದು ಮಣ್ಣು. ಆದರೆ ಕೇಳಿ, ಎರಡನ್ನೂ ಕೂಡಿಸಿ ‘ಥು ಛೀ’ ಅಂದರೆ ಚೀನಾದಲ್ಲೂ ಅದು ತಿರಸ್ಕಾರದ ಮಾತೇ! ಅಕ್ಷರಶಃ ‘ಮಣ್ಣಿನ ಕಸುವು’. ಪೇಟೆಯವರ ಬಾಯಲ್ಲಿ ಅದರ ಅರ್ಥ ಹಳ್ಳಿಗುಗ್ಗು, ನಾಜೂಕಿಲ್ಲದ್ದು. ಎರಡು ದೇಶದ ಪೇಟೆಗಳೂ ಮಣ್ಣಿಗೆ ಒಂದೇ ರೀತಿ ಮೂಗು ಮುರಿದಿವೆ. ಜೋಳದ ಅಂಬಲಿ ಬಡವರದು, ರಾಗಿ ಹಳ್ಳಿಯದು, ಗಂಜಿ ರೋಗಿಯದು ಅಂತ ನಾವು ತಟ್ಟೆಯಿಂದ ದೂಡಲಿಲ್ಲವೇ? ಈಗ ಗಾಳಿ ತಿರುಗಿದೆ. 2008ರಲ್ಲಿ ಚೀನಾದಲ್ಲಿ ಹಾಲಿನಪುಡಿಗೆ ಮೆಲಮೀನ್ ಬೆರೆಸಿದ್ದು ಬಯಲಾಯಿತು. ಸುಮಾರು ಮೂರು ಲಕ್ಷ ಕೂಸುಗಳು ಕಾಯಿಲೆ ಬಿದ್ದವು, ಆರು ಸತ್ತವು. ಅಂಗಡಿಯ ಪೊಟ್ಟಣದ ಮೇಲೆ ಜನರಿಗಿದ್ದ ನಂಬಿಕೆ ಮುರಿಯಿತು. ಅದೇ ವರ್ಷ ಬೀಜಿಂಗ್‌ನ ಹೈದ್ಯಾನ್ ಭಾಗದಲ್ಲಿ ‘ಪುಟ್ಟ ಕತ್ತೆ’ ಎಂಬ ತೋಟ ಶುರುವಾಯಿತು. ಅಲ್ಲಿ ಪೇಟೆಯ ಕುಟುಂಬಗಳು ಒಂದೊಂದು ಪಾತಿ ಬಾಡಿಗೆಗೆ ಪಡೆದು ತಾವೇ ಸೊಪ್ಪು ಬೆಳೆಯತೊಡಗಿದವು. ಈಗ ಅಲ್ಲಿನ ಸಂತೆಯಲ್ಲಿ ‘ಥು’ ಕೋಳಿ, ‘ಥು’ ಮೊಟ್ಟೆಗೆ ಬೆಲೆ ಹೆಚ್ಚು. ನಮ್ಮ ಸಂತೆಯಲ್ಲಿ ನಾಟಿ ಕೋಳಿ, ಜವಾರಿ ಮೊಟ್ಟೆಗೆ ಇರುವ ಹಾಗೆ.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ‘ಛೀ’ಯನ್ನು ಯಾವ ಉಪಕರಣವೂ ಅಳೆದಿಲ್ಲ. ಆಯಿ ಬೆಳಿಗ್ಗೆ ಗಂಜಿ ಕುಡಿದು ರಕ್ತದೊತ್ತಡದ ಮಾತ್ರೆಯನ್ನು ತಪ್ಪದೆ ನುಂಗುತ್ತಾರೆ. ನಾನು ಸಕ್ಕರೆಯ ಮಾತ್ರೆ ನುಂಗುತ್ತೇನೆ. ಕಾಯಿಲೆಗೆ ಡಾಕ್ಟರೇ ಬೇಕು. ಚೀನೀ ಮೂಲಿಕೆ ಅನ್ನುವ ಹೆಸರಿದ್ದ ಮಾತ್ರಕ್ಕೆ ಸೀಸೆಯಲ್ಲಿ ಬಂದದ್ದೆಲ್ಲ ಅಮೃತವಲ್ಲ. 1990ರ ದಶಕದ ಆರಂಭದಲ್ಲಿ ಬ್ರಸೆಲ್ಸ್‌ನಲ್ಲಿ ತೂಕ ಇಳಿಸಲು ಕೊಟ್ಟ ಮಾತ್ರೆಗಳಲ್ಲಿ ಒಂದು ಚೀನೀ ಮೂಲಿಕೆಯ ಬದಲು ಇನ್ನೊಂದು ಸೇರಿಹೋಯಿತು. ಅದು ನಮ್ಮ ಈಶ್ವರಿ ಬಳ್ಳಿಯ ಕುಲದ್ದು. ನೂರರಷ್ಟು ಹೆಂಗಸರ ಮೂತ್ರಪಿಂಡಗಳು ಹಾಳಾದವು. ಸುನ್ ಸಿಮ್ಯಾವ್ ಮೊದಲು ಹೇಳಿದ್ದು ಸೀಸೆಯ ಬಗ್ಗೆ ಅಲ್ಲ, ತಟ್ಟೆಯ ಬಗ್ಗೆ. ಹೊತ್ತಿಗೆ ಸರಿಯಾಗಿ, ಕಾಲಕ್ಕೆ ತಕ್ಕದ್ದನ್ನು, ಬಿಸಿಯಾಗಿ, ಹೊಟ್ಟೆಗೆ ಭಾರವಾಗದಷ್ಟು ಉಣ್ಣಿ ಅನ್ನುವ ಮಾತು ಯಾರಿಗೂ ಕೆಡುಕು ಮಾಡುವುದಿಲ್ಲ.

ಅಕ್ಟೋಬರಿನಲ್ಲಿ ಹೊರಡುವ ಹಿಂದಿನ ದಿನ ಆಯಿ ಒಂದು ಗೆಣಸನ್ನು ಅಗೆದು, ಮುರಿಯದ ಹಾಗೆ ಎರಡೂ ಕೈಯಲ್ಲಿ ಹಿಡಿದು ಬೇಲಿಯ ಮೇಲಿಂದ ಕೊಟ್ಟರು. ಅದನ್ನು ಗಂಜಿಗೆ ಹಾಕಿ ಉಂಡೇ ವಿಮಾನ ಹತ್ತಿದೆ. ಹಿತ್ತಲ ಗಿಡ ಮದ್ದಲ್ಲ ಅಂತ ನಮ್ಮಲ್ಲಿ ಗಾದೆ. ಹತ್ತಿರ ಇರುವುದರ ಬೆಲೆ ತಿಳಿಯದವರನ್ನು ಕಂಡು ಹಿರಿಯರು ಆಡಿದ ಮಾತು ಅದು. ಹಿತ್ತಲಿಲ್ಲದವರು ಒಡೆದ ಬಕೆಟ್ಟಿನಲ್ಲಿ ಒಂದು ಚಿಟಿಕೆ ರಾಜಗಿರಿ ಬೀಜ ಚೆಲ್ಲಿ. ಮೂರ್ನಾಲ್ಕು ವಾರಕ್ಕೆ ಪಲ್ಯಕ್ಕಾಗುತ್ತದೆ. ಹಿತ್ತಲಿದ್ದವರು ಬೇಲಿಗೆ ಒಂದು ಹೀರೆ ಬಳ್ಳಿ ಹಬ್ಬಿಸಿ. ಮೊದಲ ಕಾಯಿಯನ್ನು ಪಕ್ಕದ ಮನೆಯವರಿಗೆ ಕೊಟ್ಟು, ಊಟ ಆಯ್ತಾ ಅಂತ ಕೇಳಿ.